ಮಳೆಗಾಲ ದಾಟಬೇಕಾದ ಬೀಜ

ಪತ್ತನಾಜೆ ಕಳೆದಿದೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಒಂದೆರಡು ಮಳೆ ಬಿದ್ದು ಅಂಗಳದ ಮಣ್ಣು ಮೆತ್ತಗಾಗಿದೆ. ಮಂಗಳೂರಿನ ಮನೆಗಳಲ್ಲಿ ಈಗ ಬೀಜದ ಹುಡುಕಾಟ. ಫ್ರಿಜ್ಜಿನ ತಲೆಯ ಮೇಲೆ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಕ್ಯಾಲೆಂಡರ್ ಹಾಳೆಯ ಪೊಟ್ಟಣಗಳು ಒಂದೊಂದಾಗಿ ಹೊರಬರುತ್ತವೆ. ಒಂದರ ಮೇಲೆ ಪೆನ್ಸಿಲಿನಲ್ಲಿ ‘ಹಾಲುಬೆಂಡೆ’ ಎಂದಿದೆ. ಇನ್ನೊಂದರ ಮೇಲೆ ಬರೆದದ್ದು ಅಳಿಸಿಹೋಗಿದೆ. ಬಿಡಿಸಿ ನೋಡಿದರೆ ಕಪ್ಪು ಬೀಜ, ಹೀರೆಯೇ ಇರಬೇಕು.

ಎಲ್ಲವೂ ಕಳೆದ ವರ್ಷ ಬಿತ್ತಿ ಉಳಿದದ್ದು. ಕಣ್ಣಿಗೆ ಒಂದು ಲೋಪವೂ ಕಾಣುವುದಿಲ್ಲ. ಗ್ರೋಬ್ಯಾಗಿನಲ್ಲಿ ಹಾಕಿ ವಾರ ಕಾದರೆ ಹತ್ತರಲ್ಲಿ ಎರಡು ತಲೆ ಎತ್ತುತ್ತವೆ. ‘ಬೀಜ ಹಳತಾಯಿತು’ ಎಂದು ಪೊಟ್ಟಣ ಎಸೆದು ಮನೆಯವರು ಬೀಜದಂಗಡಿಯ ದಾರಿ ಹಿಡಿಯುತ್ತಾರೆ.

ಒಂದು ವರ್ಷದ ಬೀಜವನ್ನು ಹಳತೆನ್ನುವುದು ಅನ್ಯಾಯ. ಮೃತ ಸಮುದ್ರದ ಪಕ್ಕದ ಮಸಾಡಾ ಕೋಟೆಯ ಅವಶೇಷಗಳಲ್ಲಿ ಸಿಕ್ಕ, ಸುಮಾರು 2000 ವರ್ಷ ಹಿಂದಿನ ಖರ್ಜೂರದ ಬೀಜವೊಂದು 2005ರಲ್ಲಿ ಇಸ್ರೇಲಿನಲ್ಲಿ ಮೊಳೆತು ಮರವಾಗಿದೆ. ಅಲ್ಲಿ ಸುಡುವ ಬಿಸಿಲಿತ್ತು, ಫ್ರಿಜ್ಜು ಇರಲಿಲ್ಲ. ಆದರೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಹಾಲುಬೆಂಡೆ ಕೆಟ್ಟದ್ದು ವಯಸ್ಸಾಗಿ ಅಲ್ಲ, ಮಂಗಳೂರಿನ ಒಂದು ಮಳೆಗಾಲವನ್ನು ಕಾಗದದ ಪೊಟ್ಟಣದಲ್ಲಿ ಕಳೆದು.

ಉಪ್ಪಿನ ಡಬ್ಬಿ ಹೇಳುವ ಲೆಕ್ಕ

ಒಣಗಿದ ಬೀಜವೂ ಜೀವಂತ. ಅದು ಬಹಳ ನಿಧಾನವಾಗಿ ಉಸಿರಾಡುತ್ತದೆ, ಒಳಗಿನ ಸಂಗ್ರಹವನ್ನು ಚೂರುಚೂರೇ ಖರ್ಚು ಮಾಡುತ್ತದೆ. ತೇವ ಹೆಚ್ಚಿದಷ್ಟೂ ಈ ಖರ್ಚು ಏರುತ್ತದೆ. ಖರ್ಚಿನ ಜತೆಗೆ ಒಳಗಿನ ಜೀವಕೋಶಗಳ ಪೊರೆಗಳೂ ಸವೆಯುತ್ತವೆ. ಒಂದು ಹಂತ ದಾಟಿದ ಮೇಲೆ ನೀರು, ಮಣ್ಣು, ಬಿಸಿಲು ಎಲ್ಲ ಕೊಟ್ಟರೂ ಬೀಜ ಏಳುವುದಿಲ್ಲ, ಕೊಳೆಯುತ್ತದೆ.

ಬೀಜದೊಳಗಿನ ತೇವವನ್ನು ನಿರ್ಧರಿಸುವುದು ಸುತ್ತಲಿನ ಗಾಳಿ. ಗಾಳಿ ಒದ್ದೆಯಾಗಿದ್ದರೆ ಬೀಜ ಅದರಿಂದ ನೀರು ಎಳೆದುಕೊಳ್ಳುತ್ತದೆ, ಒಣಗಿದ್ದರೆ ಬಿಟ್ಟುಕೊಡುತ್ತದೆ. ಏಪ್ರಿಲಿನಲ್ಲಿ ಟೆರೇಸಿನ ಮೇಲೆ ಗರಿಗರಿ ಒಣಗಿಸಿದ ಹಪ್ಪಳವನ್ನು ಜುಲೈಯಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟರೆ ಏನಾಗುತ್ತದೋ ಬೀಜಕ್ಕೂ ಅದೇ. ಹಪ್ಪಳ ಮೆತ್ತಗಾದದ್ದು ಕೈಗೆ ಗೊತ್ತಾಗುತ್ತದೆ. ಬೀಜ ಮಾತ್ರ ಹೊರಗಿನಿಂದ ಹಾಗೆಯೇ ಕಾಣುತ್ತದೆ.

ಗಾಳಿಯ ತೇವ ಅಳೆಯುವ ಉಪಕರಣ ಪ್ರತಿ ಅಡುಗೆಮನೆಯಲ್ಲೂ ಇದೆ, ಉಪ್ಪಿನ ಡಬ್ಬಿ. ಗಾಳಿಯ ಆರ್ದ್ರತೆ ಸುಮಾರು ಶೇ 75 ದಾಟಿದಾಗ ಉಪ್ಪು ತಾನಾಗಿ ನೀರೊಡೆಯಲು ತೊಡಗುತ್ತದೆ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ಒಣಗಿರುವುದೇ ಅಪರೂಪ. ಜುಲೈ ಬೆಳಗ್ಗೆಗಳಲ್ಲಿ ಆರ್ದ್ರತೆ ಶೇ 90ರ ಆಸುಪಾಸಿನಲ್ಲಿರುತ್ತದೆ. ಶೇ 75ರ ಗಾಳಿಯಲ್ಲಿ ಬಿಚ್ಚಿಟ್ಟ ಭತ್ತದ ಬೀಜ ತನ್ನ ತೂಕದಲ್ಲಿ ಸುಮಾರು ಶೇ 14 ನೀರು ಹಿಡಿದುಕೊಳ್ಳುತ್ತದೆ. ಗಾಳಿ ಶೇ 90ಕ್ಕೆ ಏರಿದರೆ ಬೀಜದ ತೇವ ಶೇ 17, 18ಕ್ಕೆ ಹೋಗುತ್ತದೆ. ಶೇ 14 ದಾಟಿತೆಂದರೆ ಬೂಷ್ಟಿಗೆ ದಾರಿ ತೆರೆದಂತೆ.

ಬೀಜದ ಆಯುಷ್ಯಕ್ಕೆ ಒಂದು ಸರಳ ಸೂತ್ರ ಕೊಟ್ಟವರು ಅಮೆರಿಕದ ಕ್ಯಾಲಿಫೋರ್ನಿಯಾದ ಬೀಜ ವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್. ಬೀಜದ ತೇವ ಶೇ 1 ಇಳಿದರೆ ಆಯುಷ್ಯ ಎರಡು ಪಟ್ಟು, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಎರಡು ಪಟ್ಟು. ಇದು ಅಂದಾಜಿನ ಸೂತ್ರ. ತೇವ ಶೇ 5ರಿಂದ 14ರ ನಡುವೆ ಇರುವಾಗ ಮಾತ್ರ ಹೊಂದುತ್ತದೆ. ಆದರೂ ಮನೆಯ ಲೆಕ್ಕಕ್ಕೆ ಧಾರಾಳ ಸಾಕು.

ಮಾಡಿಯೇ ನೋಡೋಣ. 27 ಡಿಗ್ರಿಯ ಕೋಣೆಯಿಂದ 7 ಡಿಗ್ರಿಯ ಫ್ರಿಜ್ಜಿಗೆ ಬೀಜ ಹೋದರೆ ಇಳಿದದ್ದು 20 ಡಿಗ್ರಿ. ನಾಲ್ಕು ಸಲ ಎರಡು ಪಟ್ಟು, ಅಂದರೆ 16 ಪಟ್ಟು. ಅದೇ ಬೀಜವನ್ನು ಕೋಣೆಯಲ್ಲೇ ಇಟ್ಟು, ತೇವವನ್ನು ಶೇ 14ರಿಂದ 8ಕ್ಕೆ ಇಳಿಸಿದರೆ ಆರು ಸಲ ಎರಡು ಪಟ್ಟು, ಅಂದರೆ 64 ಪಟ್ಟು. ಬೀಜವೆಂದ ಕೂಡಲೇ ಫ್ರಿಜ್ಜಿನ ಬಾಗಿಲು ತೆರೆಯುವ ನಮ್ಮ ಅಭ್ಯಾಸದಲ್ಲಿ ಇರುವ ತಪ್ಪು ಇದು. ತಂಪು ಎರಡನೆಯ ಕೆಲಸ, ಒಣಗಿಸುವುದು ಮೊದಲನೆಯದು.

ಯಾವ ಬೀಜಕ್ಕೆ ಗಂಡಾಂತರ?

ಕರಾವಳಿಯಲ್ಲಿ ತರಕಾರಿಗೆ ಎರಡು ಕಾಲ. ಮಳೆ ಹಿಡಿಯುವ ಮುನ್ನ ಬಿತ್ತುವ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ ಒಂದು ಗುಂಪು. ಗದ್ದೆಯ ಪೈರು ಕೊಯ್ದ ಮೇಲೆ, ಚಳಿ ಮತ್ತು ಬೇಸಿಗೆಯಲ್ಲಿ ಬೆಳೆಯುವ ಸೌತೆ, ಅಲಸಂಡೆ, ಹರಿವೆ, ಕುಂಬಳ, ಬದನೆ ಇನ್ನೊಂದು.

ಮೊದಲ ಗುಂಪಿನ ಬೀಜ ಅಕ್ಟೋಬರ್ ಹೊತ್ತಿಗೆ ಬಲಿಯುತ್ತದೆ. ಅದು ಕಾಯಬೇಕಾದದ್ದು ಮುಂದಿನ ಮೇ ತನಕ, ಅಂದರೆ ವರ್ಷದ ಅತ್ಯಂತ ಒಣ ತಿಂಗಳುಗಳಲ್ಲಿ. ಅಷ್ಟಾಗಿ ಜಾಗ್ರತೆ ಮಾಡದಿದ್ದರೂ ಬದುಕುತ್ತದೆ. ಎರಡನೆಯ ಗುಂಪಿನ ಕಥೆ ಬೇರೆ. ಏಪ್ರಿಲಿನಲ್ಲಿ ತೆಗೆದ ಸೌತೆ ಬೀಜ ನವೆಂಬರಿಗೆ ಬೇಕು. ನಡುವೆ ಪೂರ್ತಿ ಮಳೆಗಾಲ. ಹಿರಿಯರ ಬೀಜದ ಜಾಣ್ಮೆ ಹೆಚ್ಚಾಗಿ ಖರ್ಚಾದದ್ದು ಈ ಎರಡನೆಯ ಗುಂಪಿಗೆ.

ಒಲೆಯ ಮೇಲಿನ ಅಟ್ಟ

ಮಂಗಳೂರು ಸೌತೆಯನ್ನು ನೋಡಿ. ಪೂರ್ತಿ ಹಣ್ಣಾಗಿ ಹಳದಿ ಪಟ್ಟೆ ಬಂದ ಕಾಯಿಯನ್ನು ತೆಂಗಿನ ಗರಿಯಲ್ಲೋ ಬಾಳೆನಾರಿನಲ್ಲೋ ಕಟ್ಟಿ, ಮಾಡಿನ ಪಕ್ಕಾಸಿಗೆ ಸಾಲಾಗಿ ತೂಗುಹಾಕುವುದು ಇಲ್ಲಿನ ಪದ್ಧತಿ. ಒಂದಕ್ಕೊಂದು ತಾಗಬಾರದು, ನೆಲಕ್ಕೆ ತಾಗಬಾರದು. ಮಳೆಗಾಲವಿಡೀ ಹುಳಿಗೆ, ಸಾಂಬಾರಿಗೆ ಒಂದೊಂದೇ ಇಳಿಯುತ್ತದೆ. ಒಳಗಿನ ಬೀಜ ಅಲ್ಲಿಯವರೆಗೆ ಕಾಯಿಯ ದಪ್ಪ ಸಿಪ್ಪೆಯ ಆಶ್ರಯದಲ್ಲಿರುತ್ತದೆ.

ಹೀರೆಕಾಯಿಯದು ಇನ್ನೂ ಸೊಗಸು. ಬೀಜಕ್ಕೆಂದು ಬಿಟ್ಟ ಕಾಯಿ ಬಳ್ಳಿಯಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಾಡಿಸಿದರೆ ಒಳಗೆ ಬೀಜದ ಸದ್ದು. ಅದನ್ನು ಹಾಗೆಯೇ ಒಲೆಯ ಮೇಲೆ ಹೊಗೆ ತಾಗುವ ಕಡೆ ನೇತುಹಾಕುತ್ತಿದ್ದರು. ಬಿತ್ತುವ ದಿನ ಕಾಯಿಯ ತುದಿಯನ್ನು ಮುರಿದರೆ ಅದು ಸಣ್ಣ ಮುಚ್ಚಳದಂತೆ ಕಳಚಿಕೊಳ್ಳುತ್ತದೆ. ಬುಡಮೇಲು ಮಾಡಿದರೆ ಕಪ್ಪು ಬೀಜಗಳು ನಾರಿನ ಕೋಣೆಗಳಿಂದ ಅಂಗೈಗೆ ಉದುರುತ್ತವೆ. ಉಳಿದ ನಾರು ಬಚ್ಚಲಿಗೆ.

ಭತ್ತದ ಬೀಜಕ್ಕೆ ಮುಡಿ. ಬೈಹುಲ್ಲನ್ನು ಹಾಸಿ, ನಡುವೆ ಧಾನ್ಯ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತುತ್ತಾ, ಕೋಲಿನಿಂದ ಬಡಿಯುತ್ತಾ ಬಿಗಿಗೊಳಿಸಿ ಮಾಡುವ ಗುಂಡನೆಯ ಗಂಟು. ಒಂದು ಕಾಲದಲ್ಲಿ ಗೇಣಿ ಅಳೆಯುತ್ತಿದ್ದುದೇ ಮುಡಿಯ ಲೆಕ್ಕದಲ್ಲಿ. ಗದ್ದೆಯ ವಿಸ್ತಾರವನ್ನೂ ‘ಇಷ್ಟು ಮುಡಿ ಬಿತ್ತನೆಯದ್ದು’ ಎಂದು ಬೀಜದಲ್ಲೇ ಹೇಳುತ್ತಿದ್ದರು. ಹುಲ್ಲಿನ ಗೋಡೆ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಬೀಜದ ಮುಡಿಗೂ ಒಲೆಯ ಬಿಸಿ ಬೇಕಿತ್ತು, ಅದರ ಜಾಗ ಅಟ್ಟದಲ್ಲಿ.

ಬೀಜಕ್ಕೆ ಬಿಸಿ ಒಳ್ಳೆಯದಲ್ಲ ಎಂದ ಮೇಲೆ ಒಲೆಯ ಮೇಲಿಟ್ಟದ್ದು ಹೇಗೆ ಸರಿಯಾಯಿತು? ಇಲ್ಲಿ ಒಂದು ಸಣ್ಣ ಗಣಿತವಿದೆ. 27 ಡಿಗ್ರಿಯ, ಶೇ 90 ಆರ್ದ್ರತೆಯ ಗಾಳಿಯನ್ನು 37 ಡಿಗ್ರಿಗೆ ಬಿಸಿ ಮಾಡಿದರೆ ಅದರ ಆರ್ದ್ರತೆ ಶೇ 50ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ನೀರು ಹಿಡಿದಿಡುವ ಶಕ್ತಿ ಹೆಚ್ಚು. ಆ ಗಾಳಿಯಲ್ಲಿ ಭತ್ತದ ತೇವ ಶೇ 11ರ ಸುತ್ತ ನಿಲ್ಲುತ್ತದೆ. 10 ಡಿಗ್ರಿ ಬಿಸಿಯಿಂದ ಆಯುಷ್ಯ ಕಾಲು ಭಾಗಕ್ಕಿಳಿದರೂ ಒಣಗಿದ್ದರಿಂದ ಆದ ಲಾಭ ಅದನ್ನು ಎಷ್ಟೋ ಪಾಲು ಮೀರಿಸುತ್ತದೆ. ಹೊಗೆಗೆ ಹುಳುವೂ ಹತ್ತಿರ ಬರುವುದಿಲ್ಲ.

ಬಳ್ಳಿ ತರಕಾರಿಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯೊಂದಿಗೆ ಗೋಡೆಗೆ ಅಂಟಿಸಿಡುವುದೂ ಇತ್ತು. ಸೌದೆಯ ಬೂದಿ ತೇವ ಹೀರುತ್ತದೆ, ಹುಳುವಿನ ಮೈಯ ಮೇಣದ ಹೊದಿಕೆಯನ್ನು ಉಜ್ಜಿ ಅದನ್ನು ಒಣಗಿಸಿ ಕೊಲ್ಲುತ್ತದೆ.

ಈಗ ಕದ್ರಿಯ, ಬಿಜೈಯ ಫ್ಲಾಟಿನಲ್ಲಿ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಅಡುಗೆಮನೆ ಇರುವುದರಲ್ಲೇ ಹೆಚ್ಚು ಒದ್ದೆಯ ಜಾಗ, ಕುಕ್ಕರಿನ ಹಬೆ ದಿನಕ್ಕೆರಡು ಸಲ. ಅಜ್ಜಿಯ ನೆನಪಿನಲ್ಲಿ ಬೀಜವನ್ನು ಗ್ಯಾಸ್ ಸ್ಟವ್ ಮೇಲಿನ ಶೆಲ್ಫಿನಲ್ಲಿಡುವವರು ಅಜ್ಜಿಯ ವಿಧಾನಕ್ಕೆ ತದ್ವಿರುದ್ಧವಾದದ್ದನ್ನು ಮಾಡುತ್ತಿದ್ದಾರೆ.

ಒಣಗಿತೆಂದು ಗೊತ್ತಾಗುವುದು ಹೇಗೆ?

ಒಣಗಿಸಲು ಆತುರ ಬೇಡ. ಸೌತೆ, ಟೊಮೆಟೊ, ಬದನೆಯ ಬೀಜವನ್ನು ತಿರುಳಿನಿಂದ ಬಿಡಿಸಿ, ತೊಳೆದು, ಮೊದಲು ಗೆರಸೆಯಲ್ಲೋ ಬಟ್ಟೆಯ ಮೇಲೋ ನೆರಳಿನಲ್ಲಿ ಹರಡಬೇಕು. ಸೌತೆ, ಟೊಮೆಟೊಗಳ ಲೋಳೆ ಬಿಡಿಸಲು ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟರೆ ಸುಲಭ. ಮೇಲಿನ ನೀರು ಆರಿದ ಮೇಲೆ ಬೆಳಗಿನ ಎಳೆಬಿಸಿಲು. ಮಧ್ಯಾಹ್ನದ ಕಾಂಕ್ರೀಟ್ ಟೆರೇಸಿನ ಮೇಲೆ ಹಸಿ ಬೀಜ ಸುರಿದರೆ ಅದು ಒಣಗುವುದಿಲ್ಲ, ಬೇಯುತ್ತದೆ. ಸಂಜೆ ಕಡಲ ಗಾಳಿ ಏಳುವ ಮುನ್ನ ಒಳಗೆ ತಂದು ಮುಚ್ಚಬೇಕು. ಹಗಲು ಕಳೆದುಕೊಂಡ ತೇವವನ್ನು ಬೀಜ ರಾತ್ರಿ ವಾಪಸು ಪಡೆಯುತ್ತದೆ.

ಸೌತೆ, ಕುಂಬಳದಂಥ ಚಪ್ಪಟೆ ಬೀಜವನ್ನು ಬಗ್ಗಿಸಿ ನೋಡಿ. ಬಾಗಿದರೆ ಹಸಿ, ಪಟಕ್ಕನೆ ಮುರಿದರೆ ಒಣಗಿದೆ. ಅಲಸಂಡೆಗೆ ಉಗುರು ಒತ್ತಿದರೆ ಗುರುತು ಬೀಳಬಾರದು. ಭತ್ತವನ್ನು ಹಲ್ಲಿನಲ್ಲಿ ಕಚ್ಚಿ ಸದ್ದು ಕೇಳುವ ಪರೀಕ್ಷೆ ಪ್ರತಿ ಕೃಷಿಕನಿಗೂ ಗೊತ್ತು. ಇನ್ನೂ ಅನುಮಾನವಿದ್ದರೆ ಒಣ ಗಾಜಿನ ಬಾಟಲಿಯಲ್ಲಿ ಬೀಜದೊಂದಿಗೆ ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು ಹಾಕಿ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಬೀಜದ ತೇವ ಇನ್ನೂ ಶೇ 15ರ ಮೇಲಿದೆ ಎಂದು ಅರ್ಥ. ಅಂಟದಿದ್ದರೆ ಅಪಾಯ ಕಳೆದಿದೆ ಅಷ್ಟೇ, ಸೀಲ್ ಮಾಡುವಷ್ಟು ಒಣಗಿದೆ ಎಂದಲ್ಲ.

ಏಕೆಂದರೆ ಬಿಗಿ ಮುಚ್ಚಳದ ಡಬ್ಬಿಗೆ ಹೆಚ್ಚು ಒಣಗಿದ ಬೀಜ ಬೇಕು. ಭಾರತದ ಬೀಜ ಪ್ರಮಾಣೀಕರಣ ಮಾನದಂಡದಲ್ಲೂ ಇದು ಕಾಣುತ್ತದೆ. ಸಾಮಾನ್ಯ ಚೀಲದ ಭತ್ತದ ಬೀಜದಲ್ಲಿ ಗರಿಷ್ಠ ಶೇ 13 ತೇವ ಇರಬಹುದು. ಗಾಳಿಯಾಡದ ಪ್ಯಾಕಿನಲ್ಲಾದರೆ ಶೇ 8 ಮಾತ್ರ. ಬೆಂಡೆಗೆ 10 ಮತ್ತು 8, ಬದನೆಗೆ 8 ಮತ್ತು 6. ಅರ್ಧ ಒಣಗಿದ ಬೀಜವನ್ನು ಬಿಗಿಯಾಗಿ ಮುಚ್ಚಿದರೆ ಅದರ ತೇವ ಹೊರಹೋಗಲು ದಾರಿಯಿಲ್ಲದೆ ಕಾಗದದ ಪೊಟ್ಟಣದಲ್ಲಿದ್ದದ್ದಕ್ಕಿಂತ ಬೇಗ ಸಾಯುತ್ತದೆ.

ಡಬ್ಬಿ, ಅಕ್ಕಿ, ಫ್ರಿಜ್ಜು

ಮಂಗಳೂರಿನ ಬಿಸಿಲು ಎಷ್ಟೇ ಜೋರಾದರೂ ಬೇಸಿಗೆಯ ಗಾಳಿಯೂ ಇಲ್ಲಿ ಪೂರ್ತಿ ಒಣದಲ್ಲ. ಕೊನೆಯ ಎರಡು ಮೂರು ಶೇಕಡ ತೇವ ಇಳಿಸಲು ತೇವ ಹೀರುವ ವಸ್ತು ಬೇಕು. ಸಿಲಿಕಾ ಜೆಲ್ ಸುಲಭ. ಬೀಜದಷ್ಟೇ ತೂಕದ ಹರಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಬೀಜದ ಜತೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಒಂದು ವಾರ ಇಟ್ಟರೆ ಸಣ್ಣ ಬೀಜಗಳು ಸಾಕಷ್ಟು ಒಣಗುತ್ತವೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣ ನಮ್ಮ ಕೈಸೇರುವಷ್ಟರಲ್ಲಿ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. ಬಿಸಿ ಮಾಡಿ ಒಣಗಿಸದೆ ಅದರಿಂದ ಪ್ರಯೋಜನವಿಲ್ಲ.

ಸಿಲಿಕಾ ಇಲ್ಲದಿದ್ದರೆ ಅಕ್ಕಿ. ಬೆಳ್ತಿಗೆ ಅಕ್ಕಿಯನ್ನು ಬಾಣಲೆಯಲ್ಲಿ ಕೆಂಪಾಗುವಷ್ಟು ಹುರಿದು, ಬಿಸಿಯಿರುವಾಗಲೇ ಬಾಟಲಿಗೆ ಹಾಕಿ ಮುಚ್ಚಿ, ಅದರೊಳಗೇ ತಣಿಯಲು ಬಿಡಬೇಕು. ಆಮೇಲೆ ಬೀಜದ ಪೊಟ್ಟಣವನ್ನು ಆ ಅಕ್ಕಿಯ ನಡುವೆ ಹೂಳಿದರೆ ಆಯಿತು. ತಟ್ಟೆಯಲ್ಲಿ ಹರಡಿ ತಣಿಸಿದರೆ ಹುರಿದ ಶ್ರಮ ವ್ಯರ್ಥ.

ಅಲಸಂಡೆ, ಬೆಂಡೆಗಳನ್ನು ಮಾತ್ರ ಅತಿಯಾಗಿ ಒಣಗಿಸಬಾರದು. ಸಿಪ್ಪೆ ಗಟ್ಟಿಯಾಗಿ ನೀರು ಹೀರಲು ಸತಾಯಿಸುತ್ತವೆ.

ಪಾತ್ರೆಯ ವಿಷಯದಲ್ಲಿ ಗಾಜಿನ ಬಾಟಲಿಗೆ ಸಮನಾದದ್ದಿಲ್ಲ, ಮುಚ್ಚಳದೊಳಗೆ ರಬ್ಬರಿನ ಬಿಲ್ಲೆ ಇದ್ದರೆ. ತೆಳು ಪ್ಲಾಸ್ಟಿಕ್ ಕವರು ನೀರನ್ನು ತಡೆಯುತ್ತದೆ, ನೀರಾವಿಯನ್ನು ಮೆಲ್ಲಗೆ ಒಳಗೆ ಬಿಡುತ್ತದೆ. ಒಂದೇ ದೊಡ್ಡ ಬಾಟಲಿಗಿಂತ ಹಲವು ಸಣ್ಣ ಬಾಟಲಿಗಳು ಮೇಲು. ಜುಲೈಯ ಒಂದು ಮಧ್ಯಾಹ್ನ ಹರಿವೆ ಬೀಜಕ್ಕಾಗಿ ದೊಡ್ಡ ಬಾಟಲಿ ತೆರೆದರೆ ಉಳಿದ ಹತ್ತು ಬಗೆಯ ಬೀಜಕ್ಕೂ ಮಳೆಗಾಲದ ಗಾಳಿ ತಾಗುತ್ತದೆ.

ಇಷ್ಟಾದ ಮೇಲೆ ಫ್ರಿಜ್ಜು. ಹ್ಯಾರಿಂಗ್ಟನ್ ಇನ್ನೊಂದು ಗುರುತು ಹೇಳಿದ್ದರು. ಫ್ಯಾರನ್‌ಹೀಟ್‌ನಲ್ಲಿ ಉಷ್ಣತೆ, ಶೇಕಡದಲ್ಲಿ ಆರ್ದ್ರತೆ, ಎರಡನ್ನೂ ಕೂಡಿಸಿದರೆ 100ರ ಒಳಗಿರಬೇಕು. ಜುಲೈಯ ಮಂಗಳೂರಿನಲ್ಲಿ 81 ಮತ್ತು 90 ಸೇರಿ 171. ಫ್ರಿಜ್ಜಿನಲ್ಲಿಟ್ಟ ಒಣ ಬಾಟಲಿಯೊಳಗೆ 41 ಮತ್ತು 30 ಸೇರಿ 71. ಬಿತ್ತಲು ತೆಗೆಯುವಾಗ ಮಾತ್ರ ಜಾಗ್ರತೆ: ತಂಪು ಬಾಟಲಿಯನ್ನು ಕೂಡಲೇ ತೆರೆದರೆ ಹೊರಗಿನ ತೇವ ಬೀಜದ ಮೇಲೆ ಬೆವರಿನಂತೆ ಕೂರುತ್ತದೆ. ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ಮುಟ್ಟಬಾರದು.

ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್, 2008ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ತೆರೆದ ಜಾಗತಿಕ ಬೀಜ ಭಂಡಾರ, ಎರಡೂ ಬೀಜವನ್ನು ಇಡುವುದು ಮೈನಸ್ 18 ಡಿಗ್ರಿಯ ಸುಮಾರಿಗೆ. ಅಲ್ಲಿಯೂ ಮೊದಲು ಒಣಗಿಸುತ್ತಾರೆ, ಆಮೇಲೆ ಸೀಲ್, ಆಮೇಲೆಯೇ ಚಳಿ.

ಗುಗ್ಗುರು ಎಲ್ಲಿಂದ ಬಂತು?

ಅಲಸಂಡೆ ಬೀಜವನ್ನು ಮುಚ್ಚಿಟ್ಟ ಬಾಟಲಿಯಲ್ಲೂ ಗುಗ್ಗುರು ಹುಳು ಕಾಣಿಸಿ ಮನೆಯವರು ಬೆರಗಾಗುತ್ತಾರೆ. ಅದು ಹೊರಗಿನಿಂದ ಬಂದದ್ದಲ್ಲ. ಕೋಡು ಇನ್ನೂ ಬಳ್ಳಿಯಲ್ಲಿದ್ದಾಗಲೇ ಮೊಟ್ಟೆ ಇಟ್ಟಾಗಿದೆ. ಚೆನ್ನಾಗಿ ಒಣಗಿದ ಬೀಜವನ್ನು ಬಿಗಿ ಬಾಟಲಿಯಲ್ಲಿ ಹಾಕಿ ಒಂದು ವಾರ ಫ್ರೀಝರಿನಲ್ಲಿಟ್ಟರೆ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಹಸಿ ಬೀಜವನ್ನು ಫ್ರೀಝರಿಗೆ ಹಾಕಿದರೆ ಸಾಯುವುದು ಬೀಜ. ಸ್ವಲ್ಪ ಹರಳೆಣ್ಣೆ ಸವರುವುದು, ಒಣಗಿದ ಲಕ್ಕಿ ಸೊಪ್ಪು ಬೆರೆಸುವುದು ಹಳೆಯ ಕ್ರಮಗಳು. ಈಗಲೂ ಕೆಲಸ ಮಾಡುತ್ತವೆ.

ಒಣಗಿಸಿದರೆ ಸಾಯುವ ಬೀಜ

ಇದುವರೆಗೆ ಹೇಳಿದ್ದನ್ನೆಲ್ಲ ಹಲಸಿನ ಬೀಜಕ್ಕೆ ಮಾಡಿದರೆ ಅದು ಖಂಡಿತ ಸಾಯುತ್ತದೆ. ಹಲಸು, ಮಾವು, ಅಡಿಕೆ, ತೆಂಗು, ಜಾಯಿಕಾಯಿ, ಕೊಕ್ಕೊ ಇವುಗಳ ಬೀಜಕ್ಕೆ ಒಣಗುವುದು ಗೊತ್ತೇ ಇಲ್ಲ. ಮಳೆಕಾಡಿನ ಮರಗಳಿಗೆ ಬೀಜ ಬಿದ್ದಲ್ಲೇ ತೇವ ಸಿಗುತ್ತದೆ, ಕಾಯುವ ವಿದ್ಯೆ ಕಲಿಯುವ ಅಗತ್ಯ ಬೀಳಲಿಲ್ಲ. ಬೀಜಗಳಲ್ಲಿ ಹೀಗೆ ಎರಡು ಜಾತಿ ಇವೆ ಎಂದು 1973ರಲ್ಲಿ ವಿಂಗಡಿಸಿದವರು ಬ್ರಿಟನ್ನಿನ ಎರಿಕ್ ರಾಬರ್ಟ್ಸ್.

ಕರಾವಳಿಯ ಮನೆಗಳು ಅಷ್ಟರೊಳಗೆ ಇದನ್ನು ಬಳಕೆಯಲ್ಲೇ ಕಂಡುಕೊಂಡಿದ್ದವು. ಸೌತೆ ಬೀಜಕ್ಕೆ ಬೂದಿ ಹಚ್ಚುವ ಮನೆಯಲ್ಲೇ ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತುತ್ತಿದ್ದರು. ಮಳೆಗಾಲದಲ್ಲಿ ಪಲ್ಯಕ್ಕೆ, ಸಾಂಬಾರಿಗೆ ಬೇಕೆಂದು ಮಾಡಿದ ಏರ್ಪಾಡು ಅದು. ಮಣ್ಣಿನ ಹೊದಿಕೆ ಬೀಜದ ತೇವ ಆರದಂತೆ ತಡೆಯುತ್ತದೆ. ಆದರೆ ಇವುಗಳನ್ನು ವರ್ಷಗಟ್ಟಲೆ ಇಡುವ ಮಾತಿಲ್ಲ. ಹಣ್ಣು ಬಿಡಿಸಿದ ಕೆಲವೇ ದಿನಗಳಲ್ಲಿ ನೆಟ್ಟುಬಿಡುವುದೇ ದಾರಿ.

ಹಾಗಾದರೆ ತೆಂಗಿನ ತಳಿಗಳನ್ನು ಉಳಿಸುವುದೆಲ್ಲಿ? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಸುಬ್ರಹ್ಮಣ್ಯದ ದಾರಿಯ ನೆಟ್ಟಣದ ಹತ್ತಿರ ಕಿದುವಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂತಾರಾಷ್ಟ್ರೀಯ ತೆಂಗು ಜೀನ್ ಬ್ಯಾಂಕ್ ಇದೆ. ಬ್ಯಾಂಕ್ ಎಂದು ಹೋದವರಿಗೆ ಕಾಣುವುದು ತೆಂಗಿನ ತೋಟ. ದೇಶ ವಿದೇಶಗಳ ತಳಿಗಳು ಅಲ್ಲಿ ಮರವಾಗಿಯೇ ನಿಂತಿವೆ, ಕಾಯಿಯನ್ನು ಕಪಾಟಿನಲ್ಲಿಡಲು ಆಗುವುದಿಲ್ಲವಲ್ಲ.

ಬಿತ್ತುವ ಮೊದಲು

ಬಾಟಲಿಯಲ್ಲಿದ್ದ ಬೀಜ ಜೀವಂತವಾಗಿದೆಯೇ ಎಂದು ಮಣ್ಣಿಗೆ ಹಾಕಿ ನೋಡಬೇಕಿಲ್ಲ. 20 ಬೀಜಗಳನ್ನು ಒದ್ದೆ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಟ್ಟು, ಸುರುಳಿ ಸುತ್ತಿ, ಡಬ್ಬಿಯಲ್ಲಿಡಿ. ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಅಲಸಂಡೆ ಮೂರು ನಾಲ್ಕು ದಿನದಲ್ಲಿ ಹೇಳಿಬಿಡುತ್ತದೆ, ಬದನೆ, ಮೆಣಸು ಎರಡು ವಾರ ತೆಗೆದುಕೊಳ್ಳುತ್ತವೆ.

ಫಲಿತಾಂಶ ನೋಡಿ ಗಾಬರಿಯಾಗುವ ಮೊದಲು ಒಂದು ವಿಷಯ. ಪ್ರಮಾಣೀಕೃತ ಬೀಜಕ್ಕೂ ನೂರಕ್ಕೆ ನೂರು ಮೊಳಕೆಯ ಷರತ್ತಿಲ್ಲ. ಭತ್ತಕ್ಕೆ ಕನಿಷ್ಠ ಶೇ 80, ಬದನೆಗೆ 70, ಬೆಂಡೆಗೆ 65, ಸೌತೆಗೆ 60. ಅಂದರೆ 20 ಬೆಂಡೆ ಬೀಜದಲ್ಲಿ 13 ಮೊಳೆತರೆ ನಿಮ್ಮ ಬಾಟಲಿ ಸರಕಾರಿ ಪರೀಕ್ಷೆ ಪಾಸಾದಂತೆ. ಅರ್ಧಕ್ಕಿಂತ ಕಡಿಮೆಯಾದರೆ ಒತ್ತಾಗಿ ಬಿತ್ತಿ, ಈ ವರ್ಷವೇ ಹೊಸ ಬೀಜ ಮಾಡಿಕೊಳ್ಳಬೇಕು. ಮುದಿಯಾದ ಬೀಜದ ಸಸಿ ಸೊರಗಿರುತ್ತದೆ, ಇನ್ನೊಂದು ವರ್ಷ ಕಾಯುವ ಶಕ್ತಿ ಆ ಬೀಜಕ್ಕಿಲ್ಲ.

ಅಂಗಡಿಯ ಹೈಬ್ರಿಡ್ ಪ್ಯಾಕೆಟಿನಿಂದ ಬೆಳೆದ ಕಾಯಿಯ ಬೀಜವನ್ನು ಇಷ್ಟೆಲ್ಲ ಮಾಡಿ ಕಾಪಾಡುವುದರಲ್ಲಿ ಅರ್ಥವಿಲ್ಲ. ಮುಂದಿನ ತಲೆಮಾರಿನಲ್ಲಿ ಅದೇ ಗುಣ ಬರುವುದಿಲ್ಲ. ಶ್ರಮಕ್ಕೆ ಯೋಗ್ಯವಾದದ್ದು ಊರ ತಳಿ, ಅಂಗಡಿಯಲ್ಲಿ ಮತ್ತೆ ಸಿಗದಂಥದ್ದು.

ಊರ ತಳಿಯ ವಿಷಯದಲ್ಲಿ ಕಾಸರಗೋಡಿನ ಬೆಳ್ಳೂರು ಪಂಚಾಯತಿನ ಸತ್ಯನಾರಾಯಣ ಬೇಳೇರಿಯವರ ಕೆಲಸ ನೋಡಬೇಕು. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ರಾಜಕಯಮೆ ತಳಿಯನ್ನು ಮೂರು ರಾಜ್ಯಗಳ ರೈತರಿಗೆ ತಲುಪಿಸಿದವರು ಅವರು. ಅಷ್ಟೊಂದು ತಳಿಗಳಿಗೆ ಬೇರೆ ಬೇರೆ ಗದ್ದೆ ಎಲ್ಲಿಂದ ತರುವುದು? ಪಾಲಿಥೀನ್ ಚೀಲಗಳಲ್ಲಿ ಮಣ್ಣು ತುಂಬಿ, ಚೀಲಕ್ಕೊಂದು ತಳಿಯಂತೆ ಭತ್ತ ಬೆಳೆಯುವ ದಾರಿಯನ್ನು ಅವರು ಹಿಡಿದರು. ಮಳೆನಾಡಿನಲ್ಲಿ ಭತ್ತದ ಬೀಜವನ್ನು ಬಾಟಲಿಯಲ್ಲಿಟ್ಟು ಕಾಯುವುದಕ್ಕಿಂತ ಬೆಳೆದು ಹೊಸತು ಮಾಡಿಕೊಳ್ಳುವುದೇ ಭದ್ರ. ಹಿಡಿಯಷ್ಟು ತೆನೆ ಬಂದರೂ ಆ ತಳಿ ಮುಂದಿನ ವರ್ಷಕ್ಕೆ ದಾಟಿತು.

ಫ್ಲಾಟಿನ ಬಾಲ್ಕನಿಗೂ ಈ ಲೆಕ್ಕ ಹೊಂದುತ್ತದೆ. ಎರಡು ಬೆಂಡೆ ಗಿಡದಲ್ಲಿ ಒಂದೊಂದು ಕಾಯಿಯನ್ನು ಕೊಯ್ಯದೆ ಬಿಟ್ಟರೆ ಮುಂದಿನ ವರ್ಷಕ್ಕೆ ಬೇಕಾದಷ್ಟು ಬೀಜ, ಪಕ್ಕದ ಮನೆಗೂ ಕೊಡುವಷ್ಟು. ಪಕ್ಕದ ಮನೆಯವರಿಗೆ ಕೊಡುವುದರಲ್ಲಿ ಸ್ವಾರ್ಥವೂ ಇದೆ: ನಿಮ್ಮ ಬಾಟಲಿಗೆ ಬೂಷ್ಟು ಹಿಡಿದ ವರ್ಷ ಕೇಳಲು ಒಂದು ಬಾಗಿಲು ಇರುತ್ತದೆ. ಕೊಡುವಾಗ ಪೊಟ್ಟಣದ ಮೇಲೆ ಹೆಸರಿನ ಜತೆ ಬೀಜ ತೆಗೆದ ತಿಂಗಳು, ವರ್ಷವನ್ನೂ ಬರೆಯಿರಿ, ಪೆನ್ಸಿಲಿನಲ್ಲಲ್ಲ, ಅಳಿಸದ ಮಾರ್ಕರಿನಲ್ಲಿ.